ಚಿಕ್ಕಮಗಳ ಊರಿನಲ್ಲಿ ಸೈಕಲ್ಲಿಗೊಂದು ದಾರಿ

ಮಕ್ಕಳಿಗೆ ಸೈಕಲ್ ಕೊಡಿಸುವುದು ಮಧ್ಯಮ ವರ್ಗದ ಸಂಸಾರಕ್ಕೆ ಇಂದು ಅಷ್ಟೇನೂ ಕಷ್ಟದ ಮಾತಲ್ಲ. ಹುಟ್ಟುಹಬ್ಬಕ್ಕೋ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳು ಬಂದುದಕ್ಕೋ ಬಣ್ಣದ ಸೈಕಲ್ಲೊಂದು ಮನೆಯ ಅಂಗಳಕ್ಕೆ ಬರುತ್ತದೆ. ಮಗು ಒಂದೆರಡು ಬಾರಿ ಬಿದ್ದು, ಮೊಣಕಾಲು ತರಚಿಕೊಂಡು, ವಾರದೊಳಗೆ ಸವಾರಿ ಕಲಿಯುತ್ತದೆ. ತಾಯ್ತಂದೆಗಳ ನಿಜವಾದ ಕಷ್ಟ ಪ್ರಾರಂಭವಾಗುವುದು ಅಲ್ಲಿಂದ ಮುಂದೆ. “ನಮ್ಮ ಬೀದಿ ಬಿಟ್ಟು ಆಚೆ ಹೋಗಬೇಡ, ದೊಡ್ಡ ರಸ್ತೆಯ ಹತ್ತಿರ ಸುಳಿಯಬೇಡ” ಎಂಬ ಅಪ್ಪಣೆ ಹೊರಡುತ್ತದೆ. ಶಾಲೆಯಿರುವುದೋ ದೊಡ್ಡ ರಸ್ತೆಯ ಆಚೆ ಬದಿಯಲ್ಲಿ! ಕೆಲವು ದಿನಗಳಲ್ಲಿ ಸೈಕಲ್ಲಿನ ಸರಪಣಿಗೆ ತುಕ್ಕು ಹಿಡಿಯುತ್ತದೆ. ಮಗು ಮೊದಲಿನಂತೆ ಆಟೋರಿಕ್ಷಾದಲ್ಲಿ ಇಕ್ಕಟ್ಟಿನ ನಡುವೆ ಕುಳಿತೋ, ತಂದೆಯ ಸ್ಕೂಟರಿನ ಹಿಂದೆ ಕುಳಿತೋ ಶಾಲೆಗೆ ಹೋಗುತ್ತದೆ.

ಇಂಥ ನೂರು ಸ್ಕೂಟರುಗಳೂ ಐವತ್ತು ಕಾರುಗಳೂ ಬೆಳಗಿನ ಒಂಬತ್ತೂವರೆಗೆ ಶಾಲೆಯ ಬಾಗಿಲಲ್ಲಿ ಒಟ್ಟುಗೂಡಿದಾಗ ಅಲ್ಲಿ ನಡೆದು ಬರುವ ಮಗುವಿಗೂ ಜಾಗವಿಲ್ಲದಂತಾಗುತ್ತದೆ. ಮಗು ಸುರಕ್ಷಿತವಾಗಿರಲೆಂದು ಹೊರಟ ವಾಹನಗಳೇ ಮಕ್ಕಳ ಪಾಲಿಗೆ ಅಪಾಯವಾಗಿ ಪರಿಣಮಿಸುವ ಈ ವಿಷವರ್ತುಲ ಬೆಂಗಳೂರಿನಂಥ ಮಹಾನಗರಕ್ಕೆ ಮಾತ್ರ ಸೀಮಿತವಾದುದಲ್ಲ. ಕಾಫಿಯ ನಾಡಿನ ಸಣ್ಣ ಊರುಗಳನ್ನೂ ಅದು ಸುತ್ತಿಕೊಂಡಿದೆ. ಸಣ್ಣ ಊರಿನಲ್ಲಿ ದೂರಗಳು ಸಣ್ಣವು. ಹತ್ತು ಹದಿನೈದು ನಿಮಿಷ ತುಳಿದರೆ ಊರಿನ ಒಂದು ಅಂಚಿನಿಂದ ನಡುಪೇಟೆಯನ್ನು ಸೇರಬಹುದು. ಸೈಕಲ್ಲಿಗಾಗಿಯೇ ಅಳತೆ ಮಾಡಿ ಕಟ್ಟಿದಂತಿರುವ ಇಂಥ ಊರುಗಳಲ್ಲಿ ಸೈಕಲ್ಲಿಗೆ ದಾರಿಯಿಲ್ಲವೆಂದರೆ ಅದು ಯೋಚಿಸಬೇಕಾದ ಸಂಗತಿಯೇ ಸರಿ.

ಕನ್ನಡದಲ್ಲಿ ದಾರಿಗಳಿಗೆ ಹೆಸರುಗಳ ಬರವಿಲ್ಲ. ಕಾಲಿನಿಂದ ನಡೆದದ್ದು ಕಾಲುದಾರಿ, ಬಂಡಿ ಸಾಗಿದ್ದು ಬಂಡಿದಾರಿ, ಇಕ್ಕಟ್ಟಾದದ್ದು ಓಣಿ, ತೇರು ಎಳೆಯುವುದು ರಥಬೀದಿ, ದೂರದೂರಿಗೆ ಒಯ್ಯುವುದು ಹೆದ್ದಾರಿ. ನಡೆಯುವ ಕಾಲಿಗೂ ಎತ್ತಿನ ಗೊರಸಿಗೂ ದೇವರ ತೇರಿಗೂ ದಾರಿಯನ್ನು ಹೆಸರಿಟ್ಟು ಕೊಟ್ಟ ಸಮಾಜ, ನೂರು ವರ್ಷಗಳಿಗೂ ಮಿಕ್ಕಿ ಜೊತೆಗಿರುವ ಸೈಕಲ್ಲಿಗೆ ಮಾತ್ರ ಒಂದು ದಾರಿಯನ್ನು ಕೊಡಲಿಲ್ಲ. ಒಂದು ಕಾಲದಲ್ಲಿ ಪುರಸಭೆಗಳು ಸೈಕಲ್ಲಿಗೆ ವರ್ಷಕ್ಕೊಮ್ಮೆ ತೆರಿಗೆ ವಸೂಲು ಮಾಡಿ ಲೋಹದ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೊರಟವನನ್ನು ಪೋಲೀಸಿನವರು ತಡೆದು ನಿಲ್ಲಿಸುತ್ತಿದ್ದರು. ಆದರೆ ತೆರಿಗೆ ತೆತ್ತವನಿಗೆ ರಸ್ತೆಯ ಯಾವ ಅಂಚು ಸಲ್ಲುವುದೆಂಬುದನ್ನು ಯಾರೂ ಹೇಳಲಿಲ್ಲ. ರಸ್ತೆಯೇ ಖಾಲಿಯಿದ್ದ ಆ ದಿನಗಳಲ್ಲಿ ಹೇಳುವ ಅಗತ್ಯವೂ ಇರಲಿಲ್ಲವೆನ್ನಬೇಕು.

ಕರ್ನಾಟಕ ಸರ್ಕಾರವು ೨೦೦೬–೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಲ್ಲುವವರೆಗೆ ಲಕ್ಷಾಂತರ ಬಾಲಕ ಬಾಲಕಿಯರು ಆ ಸೈಕಲ್ಲುಗಳನ್ನು ತುಳಿದು ಪ್ರೌಢಶಾಲೆಯ ಮೆಟ್ಟಿಲು ಹತ್ತಿದರು. ಅದೇ ೨೦೦೬ರಲ್ಲಿ ಬಿಹಾರವೂ ಹೆಣ್ಣುಮಕ್ಕಳಿಗೆ ಇಂಥದೇ ಯೋಜನೆಯನ್ನು ಕೈಗೊಂಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಫಲವನ್ನು ಪರಿಶೀಲಿಸಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ ೩೨ರಷ್ಟು ಏರಿತೆಂದು ೨೦೧೭ರಲ್ಲಿ ಪ್ರಕಟಿಸಿದರು. ಒಂದು ಸೈಕಲ್ ಒಬ್ಬ ಹುಡುಗಿಯ ವಿದ್ಯೆಯನ್ನು ಹೇಗೆ ಮುಂದುವರಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ಸೈಕಲ್ಲನ್ನು ಕೊಟ್ಟ ಕೈ ದಾರಿಯನ್ನು ಕೊಡಲಿಲ್ಲ. ೨೦೨೨ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಪ್ರಾಣ ಕಳೆದುಕೊಂಡರು; ಅವರಲ್ಲಿ ಸುಮಾರು ೪,೮೦೦ ಮಂದಿ ಸೈಕಲ್ ಸವಾರರು. ದಿನಕ್ಕೆ ಹದಿಮೂರು ಮನೆಗಳಲ್ಲಿ ಸೈಕಲ್ ಹೊರಟವರು ಹಿಂದಿರುಗಲಿಲ್ಲವೆಂದು ಇದರ ಅರ್ಥ.

ಅಕ್ಕನ ಊರು, ತಂಗಿಯ ಊರು

ಚಿಕ್ಕಮಗಳೂರಿನ ಹೆಸರಿನ ಹಿಂದಿರುವ ಐತಿಹ್ಯವನ್ನು ಆ ಸೀಮೆಯವರೆಲ್ಲ ಬಲ್ಲರು. ಸಖರಾಯಪಟ್ಟಣವನ್ನಾಳುತ್ತಿದ್ದ ರುಕ್ಮಾಂಗದನೆಂಬ ದೊರೆಯು ತನ್ನ ಹಿರಿಯ ಮಗಳಿಗೆ ಒಂದು ಊರನ್ನೂ ಕಿರಿಯ ಮಗಳಿಗೆ ಇನ್ನೊಂದು ಊರನ್ನೂ ಬಳುವಳಿಯಾಗಿ ಕೊಟ್ಟನಂತೆ. ಹಿರಿಯವಳದು ಹಿರೇಮಗಳೂರಾಯಿತು; ಕಿರಿಯವಳದು ಚಿಕ್ಕಮಗಳೂರಾಯಿತು. ಕಾಲಾಂತರದಲ್ಲಿ ತಂಗಿಯ ಊರು ಬೆಳೆದು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಕೋದಂಡರಾಮನ ಗುಡಿಯಿಂದ ಹೆಸರಾದ ಅಕ್ಕನ ಊರು ಅದರ ಮಗ್ಗುಲಲ್ಲಿಯೇ ಸೇರಿಕೊಂಡಿತು. ೨೦೧೧ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ ಸುಮಾರು ೧ ಲಕ್ಷ ೧೮ ಸಾವಿರ.

ತಂದೆಯ ಊರಾದ ಸಖರಾಯಪಟ್ಟಣವನ್ನೂ ಇಬ್ಬರು ಹೆಣ್ಣುಮಕ್ಕಳ ಊರುಗಳನ್ನೂ ಪೋಣಿಸುವ ದಾರಿ ಇಂದು ಒಂದೇ. ಅದನ್ನು ಊರವರು ಕೆ. ಎಂ. ರಸ್ತೆ, ಎಂದರೆ ಕಡೂರು–ಮಂಗಳೂರು ರಸ್ತೆ ಎನ್ನುತ್ತಾರೆ. ಸರ್ಕಾರಿ ಕಡತದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ ೧೭೩. ಮೂಡಿಗೆರೆಯಿಂದ ಹೊರಟು ಚಿಕ್ಕಮಗಳೂರು, ಕಡೂರುಗಳನ್ನು ಹಾಯ್ದು ಹೊಳಲ್ಕೆರೆಯ ಕಡೆಗೆ ಸಾಗುತ್ತದೆ. ಕಾಫಿ ಮೂಟೆ ಹೊತ್ತ ಲಾರಿ, ಸರ್ಕಾರಿ ಬಸ್ಸು, ಶನಿವಾರ ಭಾನುವಾರ ಬೆಟ್ಟ ನೋಡಲು ಧಾವಿಸುವ ಪ್ರವಾಸಿಗರ ಕಾರು—ಎಲ್ಲಕ್ಕೂ ಅದೇ ಗತಿ. ಪೇಟೆಯೊಳಗೆ ಮಹಾತ್ಮ ಗಾಂಧಿ ರಸ್ತೆ, ಇಂದಿರಾ ಗಾಂಧಿ ರಸ್ತೆ, ಮಾರ್ಕೆಟ್ ರಸ್ತೆಗಳು ಅಂಗಡಿ ಮುಂಗಟ್ಟುಗಳಿಂದ ತುಂಬಿವೆ. ಹನುಮಂತಪ್ಪ ವೃತ್ತ, ಆಜಾದ್ ಪಾರ್ಕ್ ವೃತ್ತಗಳಲ್ಲಿ ಸಂಜೆಯ ಹೊತ್ತು ದೊಡ್ಡವರಿಗೇ ರಸ್ತೆ ದಾಟುವುದು ಪ್ರಯಾಸ.

ಹಿರೇಮಗಳೂರಿನ ಕಡೆಯಿಂದ ಪೇಟೆಯ ಶಾಲೆಗೆ ಬರಬೇಕಾದ ಎಂಟನೆಯ ತರಗತಿಯ ಬಾಲಕಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ದೂರ ಎರಡು ಮೂರು ಕಿಲೋಮೀಟರು. ನಿಧಾನವಾಗಿ, ಗಂಟೆಗೆ ಹನ್ನೆರಡು ಕಿಲೋಮೀಟರಿನಂತೆ ತುಳಿದರೂ ಹದಿನೈದು ನಿಮಿಷದ ದಾರಿ. ಅದರಲ್ಲಿ ಬಹುಪಾಲು ಬಡಾವಣೆಗಳ ಒಳಬೀದಿಗಳಲ್ಲಿ ಸಾಗಬಹುದಾದದ್ದು. ಆದರೆ ಒಳಬೀದಿಗಳು ಒಂದಕ್ಕೊಂದು ಸೇರುವುದಿಲ್ಲ. ಒಂದು ಬಡಾವಣೆಯ ಬೀದಿ ಗೋಡೆಗೆ ಮುಟ್ಟಿ ನಿಲ್ಲುತ್ತದೆ. ಇನ್ನೊಂದು ಹಳ್ಳದ ಅಂಚಿನಲ್ಲಿ ಮುಗಿಯುತ್ತದೆ. ಅಲ್ಲಲ್ಲಿ ಐವತ್ತು ನೂರು ಮೀಟರಿನ ಕೊಂಡಿ ತಪ್ಪಿರುವುದರಿಂದ ಅವಳು ಹೆದ್ದಾರಿಗೆ ಇಳಿಯಲೇಬೇಕಾಗುತ್ತದೆ. ಒಂದೆರಡು ಕಡೆ ಅದನ್ನು ಅಡ್ಡಹಾಯಲೇಬೇಕಾಗುತ್ತದೆ. ಇಡೀ ದಾರಿಯ ಹತ್ತನೆಯ ಒಂದು ಪಾಲೂ ಇಲ್ಲದ ಆ ತುಣುಕುಗಳಿಗೆ ಅಂಜಿ ತಾಯಿ ಸೈಕಲ್ಲಿಗೆ ಬೀಗ ಹಾಕುತ್ತಾಳೆ. ಅವಳ ಅಂಜಿಕೆ ಅಕಾರಣವಾದುದೇನೂ ಅಲ್ಲ.

ಆದುದರಿಂದ ಸಣ್ಣ ಊರಿನಲ್ಲಿ ಸೈಕಲ್ ದಾರಿಯ ಯೋಜನೆಯೆಂದರೆ ಹೊಸ ದಾರಿಯನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ ಇರುವ ದಾರಿಯನ್ನು ಹುಡುಕುವ ಕೆಲಸ. ಶಾಂತವಾದ ಬೀದಿಗಳನ್ನು ಗುರುತಿಸಬೇಕು. ತಪ್ಪಿದ ಕೊಂಡಿಗಳನ್ನು ಬೆಸೆಯಬೇಕು. ಹೆದ್ದಾರಿ ದಾಟುವ ಎರಡು ಮೂರು ಜಾಗಗಳನ್ನು ಜೀವಕ್ಕೆ ಸಂಚಕಾರವಿಲ್ಲದಂತೆ ಮಾಡಬೇಕು. ಈ ಮೂರನ್ನು ಮಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ದೊಡ್ಡ ಊರುಗಳ ಪಾಠ

ಈ ಮಾತು ಬರಿಯ ಊಹೆಯಲ್ಲವೆಂಬುದಕ್ಕೆ ಇತರ ಊರುಗಳ ಅನುಭವವೇ ಸಾಕ್ಷಿ. ಬೆಂಗಳೂರಿನ ಜಯನಗರದಲ್ಲಿ ೨೦೧೨ರ ಸುಮಾರಿಗೆ ರಸ್ತೆಗಳ ಅಂಚಿನಲ್ಲಿ ಸೈಕಲ್ ಪಥವನ್ನು ಗುರುತು ಮಾಡಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಬಿಳಿಯ ಗೆರೆಗೆ ಕಾವಲುಗಾರನಿಲ್ಲ. ಪಥವು ಬಹುಬೇಗ ಕಾರುಗಳು ತಂಗುವ ಜಾಗವಾಯಿತು. ೨೦೨೦ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ಲಿಗೆ ಪ್ರತ್ಯೇಕ ಓಣಿ ಮಾಡಿದರು. ಗೆರೆಗಿಂತ ಕಂಬ ಮೇಲೆಂಬುದು ಸಿದ್ಧವಾಯಿತಾದರೂ ಮುಂದೆ ಮೆಟ್ರೋ ರೈಲಿನ ಕಾಮಗಾರಿಗೆ ಆ ಓಣಿ ಎಡೆ ಬಿಟ್ಟುಕೊಡಬೇಕಾಯಿತು.

ಮೈಸೂರಿನಲ್ಲಿ ೨೦೧೭ರ ಜೂನ್ ತಿಂಗಳಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಮುದ್ದಾದ ಹೆಸರಿನ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ದೇಶದ ಮೊಟ್ಟಮೊದಲ ಇಂಥ ವ್ಯವಸ್ಥೆಗಳಲ್ಲಿ ಅದೊಂದು. ೪೫೦ ಸೈಕಲ್ಲುಗಳನ್ನು ನಗರದ ಐವತ್ತರಷ್ಟು ತಂಗುದಾಣಗಳಲ್ಲಿ ಇರಿಸಿ, ಒಂದು ಕಡೆ ಪಡೆದದ್ದನ್ನು ಮತ್ತೊಂದು ಕಡೆ ಹಿಂದಿರುಗಿಸುವ ಅನುಕೂಲ ಕಲ್ಪಿಸಿದರು. ಅಗಲವಾದ, ಮರಗಳ ನೆರಳಿರುವ, ಹೆಚ್ಚು ಏರಿಳಿವಿಲ್ಲದ ಬೀದಿಗಳು ಮೈಸೂರಿಗೆ ಅರಸರ ಕಾಲದಿಂದ ಬಂದ ಭಾಗ್ಯ. ಮಲೆನಾಡಿನ ಊರಿಗೆ ಆ ಭಾಗ್ಯವಿಲ್ಲ. ಆದರೆ ತಂಗುದಾಣದ ವಿಚಾರದಲ್ಲಿ ಮೈಸೂರಿನಿಂದ ಕಲಿಯುವುದಿದೆ: ಸೈಕಲ್ಲನ್ನು ಎಲ್ಲಿ ನಿಲ್ಲಿಸಬಹುದೆಂಬ ಭರವಸೆಯಿಲ್ಲದೆ ಯಾರೂ ಸೈಕಲ್ ಹೊರಡಿಸುವುದಿಲ್ಲ.

ಇಂದು ಸೈಕಲ್ಲಿನ ಸ್ವರ್ಗವೆನಿಸಿಕೊಂಡಿರುವ ಹಾಲೆಂಡ್ ದೇಶವೂ ಹುಟ್ಟಿನಿಂದಲೇ ಹಾಗಿರಲಿಲ್ಲ. ೧೯೭೧ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ೩,೦೦೦ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ೪೦೦ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂದು ತಾಯ್ತಂದೆಗಳು ಬೀದಿಗಿಳಿದರು. ಸರ್ಕಾರವು ಎಚ್ಚೆತ್ತು ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ೧೯೭೦ರ ದಶಕದಲ್ಲಿ ಬಹಳ ಖರ್ಚು ಮಾಡಿ ಮಾದರಿ ಸೈಕಲ್ ಪಥವೊಂದೊಂದನ್ನು ಕಟ್ಟಿಸಿತು. ಆ ಪಥಗಳಲ್ಲಿ ಸವಾರರು ಹೆಚ್ಚಿದರೇ ಹೊರತು ಊರಿನಲ್ಲಿ ಸೈಕಲ್ ಸವಾರಿ ಒಟ್ಟಾರೆ ಅಷ್ಟಾಗಿ ಹೆಚ್ಚಲಿಲ್ಲ. ಬೇರೆ ಬೀದಿಯಲ್ಲಿ ಹೋಗುತ್ತಿದ್ದವರು ಈ ಬೀದಿಗೆ ಬಂದರು, ಅಷ್ಟೆ. ಬಳಿಕ ಡೆಲ್ಫ್ಟ್ ಎಂಬ ಸಣ್ಣ ಊರಿನವರು ಬೇರೆ ಬಗೆಯಲ್ಲಿ ಆಲೋಚಿಸಿದರು. ಭವ್ಯವಾದ ಒಂದು ಪಥದ ಬದಲು ಊರಿನ ಬೀದಿಗಳನ್ನೆಲ್ಲ ಬಲೆಯಂತೆ ಹೆಣೆದರು. ತಪ್ಪಿದ ಕೊಂಡಿಗಳನ್ನು ಚಿಕ್ಕ ಸೇತುವೆ, ಸುರಂಗದಾರಿಗಳಿಂದ ಬೆಸೆದರು. ಫಲ ಅಲ್ಲಿ ಕಂಡಿತು. ಬಲೆಯ ಬಲವಿರುವುದು ಗಂಟುಗಳಲ್ಲಿ ಎಂಬುದು ಬೆಸ್ತರಿಗೆ ತಿಳಿದ ಮಾತೇ.

ಏರಿನ ಲೆಕ್ಕ

ಮಲೆನಾಡಿನಲ್ಲಿ ಸೈಕಲ್ ಎಂದೊಡನೆ “ಈ ಏರಿನಲ್ಲಿ ಯಾರು ತುಳಿಯುತ್ತಾರೆ?” ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಲೆಕ್ಕಾಚಾರದ ಉತ್ತರವೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯು ೧೯೬೨ರಲ್ಲಿಯೇ ಸೈಕಲ್ ಪಥಗಳ ರಚನೆಗೆ ಸೂತ್ರಗಳನ್ನು ಪ್ರಕಟಿಸಿತು; ೨೦೧೫ರಲ್ಲಿ ಅವನ್ನು ಪರಿಷ್ಕರಿಸಿತು. ೧೯೬೨ರ ಆ ಪುಸ್ತಿಕೆಯ ಪ್ರಕಾರ ಮೂವತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿ ೯೦ ಮೀಟರಿಗಿಂತ ಉದ್ದವಿರಬಾರದು. ನಲವತ್ತಕ್ಕೆ ಒಂದಾದರೆ ೧೬೦ ಮೀಟರ್, ಐವತ್ತಕ್ಕೆ ಒಂದಾದರೆ ೨೫೦ ಮೀಟರ್, ನೂರಕ್ಕೆ ಒಂದಾದರೆ ೧,೦೦೦ ಮೀಟರ್. ಎಂದರೆ ಸವಾರನನ್ನು ದಣಿಸುವುದು ಏರೊಂದೇ ಅಲ್ಲ, ಏರಿನ ಉದ್ದವೂ ಹೌದು. ಕಡಿದಾದ ಚಿಕ್ಕ ಏರನ್ನು ಮಗುವೂ ಹತ್ತೀತು, ಇಲ್ಲವೆ ಇಳಿದು ತಳ್ಳೀತು; ನಡುವೆ ತಂಗಲು ಸಮತಟ್ಟಿಲ್ಲದ ದೀರ್ಘವಾದ ಏರು ದೊಡ್ಡವರ ಎದೆಯನ್ನೂ ಒಡೆಯುತ್ತದೆ.

ಮುಳ್ಳಯ್ಯನಗಿರಿಯ ಸುತ್ತುದಾರಿ ಈ ಸೂತ್ರಕ್ಕೆ ನಿಲುಕುವುದಿಲ್ಲವೆಂಬುದು ನಿಜ. ಆದರೆ ಶಾಲೆಗೆ ಹೋಗುವ ಮಗು ೧,೯೩೦ ಮೀಟರ್ ಎತ್ತರದ ಶಿಖರವನ್ನು ಹತ್ತಬೇಕಾಗಿಲ್ಲ. ಪಟ್ಟಣವು ಸಾವಿರ ಮೀಟರಿಗೂ ಮೇಲೆ ನಿಂತಿದೆಯಾದರೂ ರತ್ನಗಿರಿ ಬೋರೆಯಂಥ ದಿಬ್ಬಗಳನ್ನು ಬಳಸಿಕೊಂಡು ಹೋಗುವ ಬೀದಿಗಳು ಅಲ್ಲಿವೆ. ಸಮತಟ್ಟಾದ ದಾರಿಯನ್ನು ಹುಡುಕುವವರಿಗೆ ಹಿಂದಿನವರು ಒಂದು ಸುಳುವನ್ನೂ ಬಿಟ್ಟುಹೋಗಿದ್ದಾರೆ: ಕೆರೆಯ ಏರಿ. ನೀರು ನಿಲ್ಲಬೇಕಾದರೆ ಏರಿಯ ತಲೆ ಒಂದೇ ಮಟ್ಟದಲ್ಲಿರಬೇಕು. ಕಾಲುವೆ ಹರಿಯಬೇಕಾದರೆ ಅದು ನವುರಾಗಿ, ಕಣ್ಣಿಗೆ ಕಾಣದಷ್ಟು ಇಳಿಯಬೇಕು. ಗುಡ್ಡಗಾಡಿನ ಊರಿನಲ್ಲಿ ಮನುಷ್ಯನು ಮಟ್ಟಗೋಲು ಹಿಡಿದು ಎಳೆದ ಅತ್ಯಂತ ಹಳೆಯ ಸಮತಲದ ಗೆರೆಗಳು ಇವೇ. ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ, ಹಿರೇಮಗಳೂರು ಕೆರೆ—ಪಟ್ಟಣಕ್ಕೆ ಕೆರೆಗಳ ಕೊರತೆಯಿಲ್ಲ. ಗೌರಿ ಕಾಲುವೆ ಎಂಬ ಬಡಾವಣೆಯ ಹೆಸರಿನಲ್ಲಿಯೇ ಕಾಲುವೆಯೊಂದರ ನೆನಪು ಉಳಿದಿದೆ. ಏರಿಯ ಭದ್ರತೆಗೆ ಧಕ್ಕೆ ಬಾರದಂತೆ, ನೀರಿನ ಬದಿಗೆ ಗಟ್ಟಿಯಾದ ಕಟಾಂಜನವನ್ನಿಟ್ಟು, ಎರಡು ಮೀಟರ್ ಅಗಲದ ದಾರಿಯನ್ನು ಕಾಯ್ದಿಡಲು ಸಾಧ್ಯವಿರುವ ಕಡೆಗಳನ್ನು ಇಂಜಿನಿಯರರು ಪರೀಕ್ಷಿಸಬೇಕು. ಎರಡು ಸೈಕಲ್ ಎದುರುಬದುರಾಗಿ ಹಾಯಲು ಬೇಕಾದ ಕನಿಷ್ಠ ಅಗಲ ಅಷ್ಟೇ.

ಏರುದಾರಿಯನ್ನು ತಪ್ಪಿಸಲಾಗದ ಕಡೆ ಇನ್ನೊಂದು ಸುಲಭ ಸೂತ್ರವಿದೆ. ಇಳಿಯುವ ಸವಾರನು ಮೋಟಾರಿನ ಜೊತೆಜೊತೆಗೇ ಸಾಗಬಲ್ಲನು. ಹತ್ತುವವನು ತೂಗಾಡುತ್ತ, ನಡಿಗೆಯ ವೇಗದಲ್ಲಿ ಸಾಗುತ್ತಾನೆ. ಆದಕಾರಣ ರಸ್ತೆಯಲ್ಲಿ ಒಂದೇ ಬದಿಗೆ ಜಾಗ ಮಾಡಲು ಸಾಧ್ಯವಿದ್ದರೆ ಅದನ್ನು ಹತ್ತುವವನ ಬದಿಗೆ ಕೊಡಬೇಕು. ಇಳಿಯುವವನಿಗೆ ಬೇಕಾದದ್ದು ಜಾಗಕ್ಕಿಂತ ಹೆಚ್ಚಾಗಿ ಮುಂದಿನ ನೋಟ. ನಲವತ್ತಕ್ಕೆ ಒಂದು ಅಥವಾ ಅದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ೬೦ ಮೀಟರ್ ದೂರ ಕಣ್ಣಿಗೆ ಕಾಣುವಂತಿರಬೇಕೆಂದು ಅದೇ ಪುಸ್ತಿಕೆ ವಿಧಿಸಿತ್ತು. ತಿರುವಿನಲ್ಲಿ ಬೆಳೆದ ಲಂಟಾನದ ಪೊದೆಯನ್ನು ಸವರುವುದು ಲಕ್ಷಾಂತರ ರೂಪಾಯಿಯ ಕಾಮಗಾರಿಯೇನೂ ಅಲ್ಲ.

ಆ ಪುಸ್ತಿಕೆಯ ಒಂದು ನಿಯಮವನ್ನು ಮಾತ್ರ ಇಂದು ಎಚ್ಚರಿಕೆಯಿಂದ ಓದಬೇಕು. ಗಂಟೆಗೆ ೧೦೦ರಿಂದ ೨೦೦ ಮೋಟಾರುಗಳು ಓಡುವ ರಸ್ತೆಯಲ್ಲಿ ೪೦೦ ಸೈಕಲ್ಲುಗಳಿದ್ದರೆ, ಇಲ್ಲವೆ ೨೦೦ಕ್ಕೂ ಹೆಚ್ಚು ಮೋಟಾರುಗಳು ಓಡುವಲ್ಲಿ ೧೦೦ ಸೈಕಲ್ಲುಗಳಿದ್ದರೆ, ಪ್ರತ್ಯೇಕ ಪಥ ಸಮರ್ಥನೀಯವೆಂದು ಅದು ಹೇಳಿತ್ತು. ರಸ್ತೆಯ ತುಂಬ ಸೈಕಲ್ಲುಗಳಿದ್ದ ೧೯೬೨ಕ್ಕೆ ಇದು ಸರಿಯಾದ ಲೆಕ್ಕ. ಹೆದರಿ ಮನೆಯಲ್ಲುಳಿದ ಮಕ್ಕಳನ್ನು ಎಣಿಕೆಗೆ ತೆಗೆದುಕೊಳ್ಳದೆ “ಇಲ್ಲಿ ಸೈಕಲ್ಲೇ ಇಲ್ಲವಲ್ಲ” ಎಂದು ಇಂದು ಕೈಚೆಲ್ಲುವುದು, ಬಾವಿಯಿಲ್ಲದ ಕೇರಿಯಲ್ಲಿ ತುಂಬಿದ ಕೊಡಗಳನ್ನು ಕಾಣದೆ ಜನಕ್ಕೆ ಬಾಯಾರಿಕೆಯಿಲ್ಲವೆಂದು ಬರೆದುಕೊಂಡು ಹೋದ ಹಾಗೆ.

ದಾಟುವ ಜಾಗ

ದಾರಿ ಎಷ್ಟು ಚೆನ್ನಾಗಿದ್ದರೂ ಕೊನೆಗೆ ಹೆದ್ದಾರಿ ಅಡ್ಡ ಬರುತ್ತದೆ. ಅಲ್ಲಿ ಎಲ್ಲವನ್ನೂ ನಿರ್ಧರಿಸುವುದು ಮೋಟಾರಿನ ವೇಗ. ಗಂಟೆಗೆ ೩೦ ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ೫೦ ಕಿಲೋಮೀಟರಿನಲ್ಲಿ ಹದಿನಾಲ್ಕು ಮೀಟರ್. ಚಾಲಕನು ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕೆಂದಿಟ್ಟುಕೊಂಡರೆ, ಬ್ರೇಕು ಹಿಡಿಯುವ ಮೊದಲೇ ಎರಡನೆಯ ಕಾರು ಆರು ಮೀಟರ್ ಹೆಚ್ಚು ಸಾಗಿರುತ್ತದೆ. ಡಿಕ್ಕಿಯ ಬಲವಂತೂ ವೇಗದ ವರ್ಗದಂತೆ ಏರುವುದರಿಂದ ಮೂವತ್ತರಿಂದ ಐವತ್ತಕ್ಕೆ ಹೋದಾಗ ಪೆಟ್ಟು ಎರಡೂಮುಕ್ಕಾಲು ಪಟ್ಟಾಗುತ್ತದೆ. ಕಾಲ್ನಡಿಗೆಯವರೂ ಸೈಕಲ್ಲಿನವರೂ ಮೋಟಾರುಗಳೊಡನೆ ಬೆರೆಯುವ ಕಡೆಗಳಲ್ಲಿ ಗಂಟೆಗೆ ೩೦ ಕಿಲೋಮೀಟರಿನ ಮಿತಿಯಿರಲೆಂದು ೨೦೨೦ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ಸಮ್ಮೇಳನ ಘೋಷಿಸಿದ್ದು ಈ ಲೆಕ್ಕದ ಮೇಲೆಯೇ.

ಇದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೧೨ನೆಯ ಕಲಮಿನಂತೆ, ಸಾರ್ವಜನಿಕರ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಗಳಲ್ಲಿ ಕಡಿಮೆ ವೇಗದ ಮಿತಿಯನ್ನು ವಿಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರವಿತ್ತವರಿಗೂ ಇದೆ. ೧೧೫ನೆಯ ಕಲಮು ವಾಹನಗಳ ಸಂಚಾರವನ್ನು ಹೊತ್ತುಗೊತ್ತಿಗೆ ಅನುಸಾರವಾಗಿ ನಿರ್ಬಂಧಿಸಲು ಅವಕಾಶ ಕೊಡುತ್ತದೆ. ಶಾಲೆ ಕೂಡುವ ಮತ್ತು ಬಿಡುವ ಅರ್ಧ ಗಂಟೆಯ ಹೊತ್ತು ಭಾರಿ ಲಾರಿಗಳನ್ನು ಪಟ್ಟಣದ ಹೊರಗೆ ನಿಲ್ಲಿಸಿದರೆ ಕಾಫಿಯ ವ್ಯಾಪಾರ ಕೆಡುವುದಿಲ್ಲ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯನ್ನು ೨೦೨೫ರಲ್ಲಿ ಜಾರಿಗೆ ತಂದ ಜಿಲ್ಲಾಡಳಿತಕ್ಕೆ ವಾಹನಗಳನ್ನು ಎಣಿಸಿ ನಿಲ್ಲಿಸುವ ವಿದ್ಯೆ ಹೊಸದಲ್ಲ. ಬೆಟ್ಟದ ಹುಲ್ಲಿಗೆ ದೊರೆತ ರಕ್ಷಣೆ ಶಾಲೆಯ ಮಗುವಿಗೂ ದೊರೆಯಬೇಡವೆ?

ಬರಿಯ ಫಲಕದಿಂದ ವೇಗ ತಗ್ಗುವುದಿಲ್ಲವೆಂಬುದೂ ನಿಜ. ಅದಕ್ಕೆ ರಸ್ತೆಯ ಆಕಾರವೇ ಬದಲಾಗಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ೩.೭ ಮೀಟರ್ ಅಗಲ, ೧೦ ಸೆಂಟಿಮೀಟರ್ ಎತ್ತರದ ಉಬ್ಬು ಹಾಕಿದರೆ ಮೋಟಾರು ಗಂಟೆಗೆ ೨೫ ಕಿಲೋಮೀಟರಿಗೆ ಇಳಿಯುತ್ತದೆ, ಸೈಕಲ್ ಸವಾರನೂ ಮುಗ್ಗರಿಸದೆ ದಾಟುತ್ತಾನೆ. ಅಳತೆಯಿಲ್ಲದೆ ರಾತ್ರೋರಾತ್ರಿ ಸುರಿದ ಡಾಮರಿನ ದಿಂಡು ಮಳೆಗಾಲದಲ್ಲಿ ಸವಾರನನ್ನೇ ಕೆಡವುತ್ತದೆ. ರಸ್ತೆಯ ನಡುವೆ ಎರಡು ಮೀಟರ್ ಅಗಲದ ತಂಗುದಿಣ್ಣೆಯೊಂದಿದ್ದರೆ ಮಗು ಸೈಕಲ್ಲಿನ ಸಮೇತ ಅಲ್ಲಿ ನಿಂತು, ಮೊದಲು ಒಂದು ಬದಿ, ಬಳಿಕ ಇನ್ನೊಂದು ಬದಿ ನೋಡಿ ದಾಟಬಹುದು. ಎರಡೂ ಕಡೆಯ ವಾಹನಗಳನ್ನು ಒಮ್ಮೆಲೇ ಅಳೆಯುವ ಕಷ್ಟ ತಪ್ಪುತ್ತದೆ. ಚರಂಡಿಯ ಮೇಲಿನ ಕಬ್ಬಿಣದ ಸರಳುಗಳು ಚಕ್ರದ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಸೈಕಲ್ಲಿನ ಗಾಲಿ ಅದರೊಳಗೆ ಸಿಕ್ಕಿಬೀಳುತ್ತದೆ. ಇಂಥ ಸಣ್ಣ ಸಂಗತಿಗಳು ಶಂಕುಸ್ಥಾಪನೆಯ ಕಲ್ಲಿನ ಮೇಲೆ ಕೆತ್ತುವಂಥವಲ್ಲ. ಆದರೆ ಜೀವ ಉಳಿಸುವುದು ಇವೇ.

ಮೂಡಿಗೆರೆ, ಕಳಸಗಳ ಮಾತು

ಚಿಕ್ಕಮಗಳೂರಿಗೆ ಹೇಳಿದ್ದೆಲ್ಲ ಪಶ್ಚಿಮದ ಊರುಗಳಿಗೆ ಹಾಗೆಯೇ ಹೊಂದುವುದಿಲ್ಲ. ಮೂಡಿಗೆರೆಯ ಮೂಲಕ ಚಾರ್ಮಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ ೭೩ ಹಾದುಹೋಗುತ್ತದೆ. ಕರಾವಳಿ ಮತ್ತು ಬಯಲುಸೀಮೆಗಳ ನಡುವಣ ವಾಹನಗಳಿಗೆ ಅದು ಹೆಬ್ಬಾಗಿಲು. ಕಳಸವು ಭದ್ರೆಯ ತೀರದ ಪುಟ್ಟ ಊರು. ಇಲ್ಲಿ ಮಕ್ಕಳ ಮನೆಗಳಿರುವುದು ಪೇಟೆಯಿಂದ ದೂರ, ತೋಟಗಳ ನಡುವೆ; ಕೂಲಿಕಾರರ ಮಕ್ಕಳಾದರೆ ಲೈನು ಮನೆಗಳಲ್ಲಿ. ಶಾಲೆಯವರೆಗೆ ಸೈಕಲ್ ತುಳಿಯುವುದು ಇಲ್ಲಿ ಎಲ್ಲರಿಗೂ ಆಗದ ಮಾತು. ಮನೆಯಿಂದ ಬಸ್ಸು ನಿಲ್ಲುವ ಕೂಡುರಸ್ತೆಯವರೆಗಿನ ಒಂದೆರಡು ಕಿಲೋಮೀಟರ್ ಮಣ್ಣುದಾರಿಗೆ ಸೈಕಲ್ ನೆರವಾದರೆ ಅದೇ ದೊಡ್ಡ ಉಪಕಾರ. ಆದರೆ ಸೈಕಲ್ಲನ್ನು ಅಲ್ಲಿ ಮಳೆಯಲ್ಲಿ ಬಿಟ್ಟುಹೋಗುವವರಾರು? ಬಸ್ಸು ತಂಗುದಾಣದ ಮಗ್ಗುಲಲ್ಲಿ ತಗಡಿನ ಸೂರೊಂದು, ಸೈಕಲ್ಲಿಗೆ ಬೀಗ ಹಾಕಲು ಒಂದು ಕಬ್ಬಿಣದ ಸರಳು—ಮಲೆನಾಡಿನ ಹಳ್ಳಿಯ ಸೈಕಲ್ ಯೋಜನೆ ಇಲ್ಲಿಂದಲೇ ಆರಂಭವಾಗಬೇಕು. ಗ್ರಾಮ ಪಂಚಾಯಿತಿಯ ಶಕ್ತಿಗೆ ಮೀರಿದ ಕೆಲಸವಲ್ಲ ಇದು.

ಮಳೆಯ ಲೆಕ್ಕವನ್ನೂ ಮರೆಯುವಂತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ರಸ್ತೆಯಂಚಿನಲ್ಲಿ ಪಾಚಿ ಕಟ್ಟುತ್ತದೆ. ನೆನೆದ ಗಾಲಿಯನ್ನು ಬ್ರೇಕಿನ ರಬ್ಬರು ಹಿಡಿಯುವುದಿಲ್ಲ. ಕಾಲುಸಂಕದ ಮೇಲೆ ನೀರು ಏರುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗಿ, ಕಳಸ–ಹೊರನಾಡುಗಳ ನೇರದಾರಿ ಕಡಿದುಹೋದ ಮಳೆಗಾಲಗಳನ್ನು ಆ ಕಡೆಯವರು ಮರೆತಿಲ್ಲ. ಜನವರಿಯ ಹಿತವಾದ ಬಿಸಿಲಿನಲ್ಲಿ ನೋಡಿ ಒಪ್ಪಿದ ದಾರಿಯನ್ನು ಜುಲೈ ತಿಂಗಳಿನ ಮಳೆಯಲ್ಲಿ ಇನ್ನೊಮ್ಮೆ ನಡೆದು ನೋಡಬೇಕು. ಮೂಡಿಗೆರೆ, ಆಲ್ದೂರುಗಳ ಸುತ್ತಲಿನ ತೋಟಗಳಲ್ಲಿ ಕಾಡಾನೆಗಳ ಓಡಾಟ ಬೇರೆ. ಮುಂಜಾವಿನಲ್ಲೂ ಮುಸ್ಸಂಜೆಯಲ್ಲೂ ಒಂಟಿದಾರಿ ಅಲ್ಲಿ ಸುರಕ್ಷಿತವಲ್ಲ. ಅಂಥ ಕಡೆ ಶಾಲೆಯ ವೇಳೆಯನ್ನೂ ಬಸ್ಸಿನ ವೇಳೆಯನ್ನೂ ಹಗಲಿನ ಬೆಳಕಿಗೆ ಹೊಂದಿಸುವುದು ದಾರಿ ಕಡಿಯುವುದಕ್ಕಿಂತ ಮುಖ್ಯ; ಅರಣ್ಯ ಇಲಾಖೆಯ ಮುನ್ನೆಚ್ಚರಿಕೆ ತೋಟದ ಮನೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು.

ನಕ್ಷೆಯನ್ನು ಬರೆಯುವವರು ಯಾರು?

ಈ ಕೆಲಸಕ್ಕೆ ದೂರದ ತಜ್ಞರು ಬರುವವರೆಗೆ ಕಾಯಬೇಕಾಗಿಲ್ಲ. ಪಟ್ಟಣದ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಭೂಗೋಳದ ಒಂದು ಪಾಠದ ಅವಧಿಯಲ್ಲಿ, ಮಕ್ಕಳು ತಂತಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಕಾಗದದ ಮೇಲೆ ಬರೆಯಲಿ. ಹೆದರಿಕೆಯಾಗುವ ಜಾಗಕ್ಕೆ ಕೆಂಪು ಚುಕ್ಕೆ ಇಡಲಿ. ನಾಯಿಗಳ ಕಾಟವಿರುವ ತಿರುವು, ದೀಪವಿಲ್ಲದ ಓಣಿ, ಹಲಗೆ ಮುರಿದ ಚರಂಡಿ ಎಲ್ಲವನ್ನೂ ಗುರುತಿಸಲಿ. ನೂರು ಮಕ್ಕಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಕೆಂಪು ಚುಕ್ಕೆಗಳು ಹತ್ತು ಹನ್ನೆರಡು ಕಡೆ ದಟ್ಟವಾಗಿ ಕೂಡುವುದು ಕಾಣುತ್ತದೆ. ನಗರಸಭೆಯ ಕೈಗೆ ಸಿಗಬೇಕಾದ ಪಟ್ಟಿ ಅದೇ. ಆಮೇಲೆ ಪುರಪಿತೃಗಳೂ ಇಂಜಿನಿಯರರೂ ಪೋಲೀಸ್ ಅಧಿಕಾರಿಗಳೂ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಜಾಗಗಳಲ್ಲಿ ನಿಂತು ನೋಡಲಿ. ಸಾಧ್ಯವಾದರೆ ಸೈಕಲ್ ಹತ್ತಿ ನೋಡಲಿ. ಕಾರಿನ ಗಾಜಿನ ಹಿಂದಿನಿಂದ ಕಾಣದ ಊರು ಸೈಕಲ್ಲಿನ ಮೇಲಿನಿಂದ ಕಾಣುತ್ತದೆ.

ತಾಯ್ತಂದೆಗಳ ಪಾಲಿನ ಕೆಲಸವೂ ಇದೆ. ಹೊಸ ದಾರಿಯಲ್ಲಿ ಮಗುವನ್ನು ಮೊದಲ ದಿನವೇ ಒಂಟಿಯಾಗಿ ಕಳುಹಿಸಬೇಕಾಗಿಲ್ಲ. ಒಂದೇ ಬಡಾವಣೆಯ ಐದಾರು ಮಕ್ಕಳು ಸಾಲಾಗಿ ಹೊರಡಲಿ, ಮುಂದೆಯೂ ಹಿಂದೆಯೂ ಒಬ್ಬೊಬ್ಬ ಹಿರಿಯರು ಸೈಕಲ್ಲಿನಲ್ಲಿಯೇ ಇರಲಿ. ಮನೆಮನೆಯವರು ಸರದಿಯಂತೆ ಹಂಚಿಕೊಂಡರೆ ಯಾರಿಗೂ ಹೊರೆಯಲ್ಲ. ಸೈಕಲ್ಲಿನ ಬ್ರೇಕು, ಹಿಂದಿನ ಕೆಂಪು ದೀಪ, ಗಂಟೆಗಳನ್ನು ವಾರಕ್ಕೊಮ್ಮೆ ನೋಡಲಿ. ಸ್ವಂತ ಕಾರನ್ನು ಶಾಲೆಯ ಬಾಗಿಲಿನಿಂದ ಇನ್ನೂರು ಮೀಟರ್ ಹಿಂದೆಯೇ ನಿಲ್ಲಿಸುವುದು, ಕಾರಿನ ಬಾಗಿಲನ್ನು ತೆರೆಯುವ ಮುನ್ನ ಹಿಂದಿರುಗಿ ನೋಡುವುದು—ಇವಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಸೈಕಲ್ಲಿನಿಂದ ಪೆಟ್ರೋಲು ಉಳಿಯುತ್ತದೆ, ದೇಹಕ್ಕೆ ವ್ಯಾಯಾಮವಾಗುತ್ತದೆ ಎಂಬ ಮಾತುಗಳನ್ನು ಎಲ್ಲರೂ ಕೇಳಿಬಲ್ಲರು. ಅವುಗಳಿಗಿಂತ ಮಿಗಿಲಾದ ಲಾಭವೊಂದಿದೆ. ಹದಿಮೂರರ ಹುಡುಗಿಯೊಬ್ಬಳು ಯಾರ ಬಿಡುವಿಗೂ ಕಾಯದೆ, ಯಾರನ್ನೂ ಬೇಡದೆ, ತನ್ನ ಊರಿನ ವಾಚನಾಲಯಕ್ಕೋ ಗೆಳತಿಯ ಮನೆಗೋ ಶಾಲೆಯ ಆಟದ ಬಯಲಿಗೋ ಹೋಗಿ ಬರಬಲ್ಲಳೆಂದರೆ ಆ ಊರು ಅವಳದಾಗುತ್ತದೆ. ದೊಡ್ಡವಳಾದ ಮೇಲೆ ಅವಳು ಎಲ್ಲಿಗೆ ಹೋದರೂ ತನ್ನ ಊರೆಂದು ನೆನೆಯುವುದು ಹಾಗೆ ಒಬ್ಬಳೇ ತಿಳಿದುಕೊಂಡ ಬೀದಿಗಳನ್ನು.

ಐತಿಹ್ಯದ ದೊರೆ ತನ್ನ ಹೆಣ್ಣುಮಕ್ಕಳಿಗೆ ಒಂದೊಂದು ಊರನ್ನೇ ಬಳುವಳಿಯಾಗಿ ಕೊಟ್ಟನು. ಆ ಊರಿನ ಇಂದಿನ ಹಿರಿಯರಿಂದ ಹೆಣ್ಣುಮಕ್ಕಳು ಅಷ್ಟನ್ನೇನೂ ಕೇಳುತ್ತಿಲ್ಲ. ಅಕ್ಕನ ಊರಿನಿಂದ ತಂಗಿಯ ಊರಿಗೆ ಎರಡು ಮೀಟರ್ ಅಗಲದ ಒಂದು ದಾರಿಯಿದ್ದರೆ ಸಾಕು.